ಕಾರವಾರದ ಡಬ್ಬಿಯಲ್ಲಿ ವಿಯೆಟ್ನಾಂ ಊಟ

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿದ್ದಾಗ ಆಫೀಸಿನ ಹತ್ತಿರವೇ ವಿಯೆಟ್ನಾಂ ಊಟ ಸಿಗುತ್ತಿತ್ತು. ವಾರಕ್ಕೆ ಎರಡು ಸಲವಾದರೂ ಹೋಗುತ್ತಿದ್ದೆ. ತಿಂದ ಮೇಲೆ ಆಫೀಸಿನಲ್ಲಿ ತೂಕಡಿಕೆ ಬರುತ್ತಿರಲಿಲ್ಲ. ಈಗ ಕಾರವಾರಕ್ಕೆ ವರ್ಗವಾಗಿದೆ. ಊಟಕ್ಕೆ ಸಿಗೋದು ಅರ್ಧ ಗಂಟೆ. ದಿನಕ್ಕೆ 100 ರೂಪಾಯಿಗಿಂತ ಜಾಸ್ತಿ ಖರ್ಚು ಮಾಡುವ ಹಾಗಿಲ್ಲ. ಏನಾದರೂ ದಾರಿ ಇದೆಯಾ?
— ಓದುಗರು, ಕಾರವಾರ

ಉತ್ತರ: ಖಂಡಿತ ಇದೆ. ವಿಯೆಟ್ನಾಂ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಫಾ, ಅಂದರೆ ಸಾರಿನಲ್ಲಿ ಮುಳುಗಿದ ಅಕ್ಕಿ ನೂಡಲ್ಸ್. ಆ ಸಾರಿಗೆ ಮೂಳೆ ಗಂಟೆಗಟ್ಟಲೆ ಕುದಿಯಬೇಕು. ಅದನ್ನು ಭಾನುವಾರಕ್ಕೆ ಬಿಡಿ.

ಅಲ್ಲಿ ಕೆಲಸಕ್ಕೆ ಹೋಗುವವರ ಮಧ್ಯಾಹ್ನದ ಊಟವೇ ಬೇರೆ. ‘ಕಮ್ ಬಿನ್ ಜನ್’ ಅನ್ನುತ್ತಾರೆ. ಜನಸಾಮಾನ್ಯರ ಅನ್ನ ಅಂತ ಅರ್ಥ. ಬಿಸಿ ಅನ್ನ, ಗಾಜಿನ ಪೆಟ್ಟಿಗೆಯಲ್ಲಿಟ್ಟ ಮೀನು, ಪಲ್ಯಗಳಲ್ಲಿ ಬೆರಳು ತೋರಿಸಿ ಕೇಳಿದ್ದು ಒಂದೆರಡು, ಜೊತೆಗೆ ತೆಳು ಸಾರು. ಹುಣಸೆ ಹಾಕಿದ ಹುಳಿ ಮೀನು ಸಾರೂ ಅವರಲ್ಲಿದೆ. ನಮ್ಮ ಖಾನಾವಳಿಯ ಮೀನೂಟಕ್ಕೆ ತುಂಬಾ ಹತ್ತಿರ, ಅಲ್ವಾ? ಖಾನಾವಳಿಯಲ್ಲಿ ಸಿಗದೇ ಇರುವುದು ಎರಡೇ: ರಾಶಿ ಹಸಿ ಸೊಪ್ಪು, ಒಂದು ಸಾಸ್. ಆ ಎರಡನ್ನು ನೀವು ಮನೆಯಿಂದ ತನ್ನಿ.

ಸಾಸಿನ ಹೆಸರು ‘ನುವಕ್ ಚಮ್’. ಮೀನಿನ ಸಾಸ್ 1 ಚಮಚ, ಸಕ್ಕರೆ 1 ಚಮಚ, ನಿಂಬೆ ರಸ 1 ಚಮಚ, ಉಗುರುಬೆಚ್ಚಗಿನ ನೀರು 4 ಚಮಚ. ಸಕ್ಕರೆ ಕರಗಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಕೊಚ್ಚಿದ ಮೆಣಸು. ಮೀನಿನ ಸಾಸ್ ಅಂದರೆ ಸಣ್ಣ ಮೀನಿಗೆ ಉಪ್ಪು ಬೆರೆಸಿ ಹೆಚ್ಚುಕಡಿಮೆ ಒಂದು ವರ್ಷ ಕೊಳೆಹಾಕಿ ಇಳಿಸಿದ ರಸ. ಬಾಟಲಿ ತೆರೆದಾಗ ಥೇಟ್ ಒಣಮೀನಿನ ಅಂಗಡಿ ವಾಸನೆ. ಹೆದರಬೇಡಿ, ನಿಂಬೆ ರಸ ಬಿದ್ದ ಕೂಡಲೇ ತಗ್ಗುತ್ತದೆ. ಬಾಟಲಿಯನ್ನು ಆನ್‌ಲೈನಲ್ಲಿ ತರಿಸಿಕೊಳ್ಳಿ. ದಿನಕ್ಕೆ ಬೇಕಾಗುವುದು ಒಂದು ಚಮಚ, ಹಾಗಾಗಿ ತಿಂಗಳುಗಟ್ಟಲೆ ಬರುತ್ತದೆ. ಕಲಸಿದ ಸಾಸನ್ನು ಮಾತ್ರ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಊಟ. ಹನೋಯ್‌ನಲ್ಲಿ ‘ಚಾ ಕಾ’ ಅಂತ ಮಾಡುತ್ತಾರೆ. ಅದರ ಹೆಸರಿನದೇ ಒಂದು ಬೀದಿ ಅಲ್ಲಿದೆ. ಅರಿಶಿನ ಹಚ್ಚಿದ ಮೀನನ್ನು ಎಣ್ಣೆಯಲ್ಲಿ ಕರಿದು, ಅದೇ ಬಾಣಲೆಗೆ ಹಿಡಿ ತುಂಬ ಸಬ್ಬಸಿಗೆ ಸೊಪ್ಪು, ಈರುಳ್ಳಿ ಸೊಪ್ಪು ಹಾಕುತ್ತಾರೆ. ಹೌದು, ನಮ್ಮ ಸಬ್ಬಸಿಗೆಯೇ! ಅಕ್ಕಿ ಶ್ಯಾವಿಗೆ, ಹುರಿದ ಶೇಂಗಾ ಜೊತೆ ತಿನ್ನುತ್ತಾರೆ. ಅರಿಶಿನ, ಸಬ್ಬಸಿಗೆ, ಶ್ಯಾವಿಗೆ, ಶೇಂಗಾ. ಇದರಲ್ಲಿ ಕಾರವಾರದ ಸಂತೆಯಲ್ಲಿ ಸಿಗದ್ದು ಯಾವುದು?

ಆಫೀಸಿಗೆ ಹೀಗೆ ಮಾಡಿ. ಬೆಳಿಗ್ಗೆ ಒಣ ಅಕ್ಕಿ ಶ್ಯಾವಿಗೆಯನ್ನು ಕುದಿಯುವ ನೀರಿನಲ್ಲಿ ಮೆತ್ತಗಾಗುವವರೆಗೆ ಬಿಟ್ಟು, ತಣ್ಣೀರಿನಲ್ಲಿ ತೊಳೆದು, ಪೂರ್ತಿ ನೀರು ಬಸಿಯಿರಿ. ನೀರು ಉಳಿದರೆ ಮಧ್ಯಾಹ್ನಕ್ಕೆ ಮುದ್ದೆಯಾಗುತ್ತದೆ. ಮೇಲೆ ಸೌತೆಕಾಯಿ, ಪುದೀನ, ಕೊತ್ತಂಬರಿ, ಸಬ್ಬಸಿಗೆ ಹಾಕಿ. ಸಾಸ್ ಬೇರೆ ಸೀಸೆಯಲ್ಲಿರಲಿ. ಮೀನನ್ನು ಬೆಳಿಗ್ಗೆಯೇ ಕರಿದು ಒಯ್ಯಬೇಡಿ. ನಮ್ಮ ಸೆಕೆಗೆ ಅದು ಒಳ್ಳೆಯದಲ್ಲ. ಊಟದ ಹೊತ್ತಿಗೆ ಹತ್ತಿರದ ಖಾನಾವಳಿಯಿಂದ ಒಂದೇ ಒಂದು ಬಂಗಡೆ ಫ್ರೈ ಕಟ್ಟಿಸಿಕೊಂಡು ಬನ್ನಿ. ಮುಳ್ಳು ತೆಗೆದು ಶ್ಯಾವಿಗೆ ಮೇಲೆ ಮುರಿದು ಹಾಕಿ, ಸಾಸ್ ಸುರಿಯಿರಿ. ಬಿಸಿ ಮೀನಿನ ಕೆಳಗೆ ಸಬ್ಬಸಿಗೆ ಬಾಡುವಾಗ ಒಂದು ಘಮ ಏಳುತ್ತದೆ. ಪಕ್ಕದ ಟೇಬಲಿನವರು ತಿರುಗಿ ನೋಡುತ್ತಾರೆ.

ಶ್ಯಾವಿಗೆ ಬೇಸರವಾದ ದಿನ ಪಾವ್ ಇದೆಯಲ್ಲ. ಅಲ್ಲಿ ಫ್ರೆಂಚರು ಬಿಟ್ಟುಹೋದ ಬ್ರೆಡ್ಡಿನಿಂದ ‘ಬಾನ್ ಮಿ’ ಅನ್ನುವ ಸ್ಯಾಂಡ್‌ವಿಚ್ ಹುಟ್ಟಿತು. ನಮಗೆ ಪಾವ್ ಬಂದದ್ದು ಗೋವಾದ ಪೋರ್ಚುಗೀಸರಿಂದ. ಕ್ಯಾರೆಟ್, ಮೂಲಂಗಿಯನ್ನು ಕಡ್ಡಿಯಂತೆ ಹೆಚ್ಚಿ ಉಪ್ಪು, ಸಕ್ಕರೆ, ವಿನೆಗರ್‌ನಲ್ಲಿ ಅರ್ಧ ಗಂಟೆ ನೆನೆಸಿ. ಆಮ್ಲೆಟ್ ಜೊತೆ ಪಾವ್ ನಡುವೆ ಇಟ್ಟರೆ ಆಯಿತು.

ಪ್ರಶ್ನೆ: ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ. ಮೀನಿನ ಸಾಸ್ ಬಿಟ್ಟರೆ ಅದು ವಿಯೆಟ್ನಾಂ ಊಟ ಆಗುತ್ತಾ?
— ಓದುಗರು, ಶಿರಸಿ

ಉತ್ತರ: ಆಗುತ್ತದೆ. ಚಾಂದ್ರಮಾನ ತಿಂಗಳ 1 ಮತ್ತು 15ನೇ ದಿನ ಅಲ್ಲಿನ ಬೌದ್ಧರಲ್ಲಿ ತುಂಬಾ ಜನ ಮೀನು, ಮಾಂಸ ಮುಟ್ಟುವುದಿಲ್ಲ. ‘ಚಾಯ್’ ಅಂತ ಬೋರ್ಡ್ ಇದ್ದರೆ ಅದು ಸಸ್ಯಾಹಾರದ ಅಂಗಡಿ. ನೀವು ಮೀನಿನ ಸಾಸ್ ಬದಲು ಸೋಯಾ ಸಾಸ್, ನೀರಿನ ಬದಲು ಎಳನೀರು ಹಾಕಿ. ಸೊಪ್ಪಿಗೆ ಒಂದೆಲಗ ಇರಲಿ. ನೀವು ತಂಬುಳಿ ಮಾಡುವ ಅದೇ ಎಲೆಯನ್ನು ಅವರು ಅರೆದು, ಸಕ್ಕರೆ ಹಾಕಿ ಪಾನಕದಂತೆ ಕುಡಿಯುತ್ತಾರೆ.

ಅಕ್ಕಿ ಹಾಳೆ ಸಿಕ್ಕರೆ ಸುರುಳಿ ಮಾಡಿ. ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಅದರ ಮೇಲೆ ಹಿಟ್ಟು ಎರೆದು, ಹಬೆಯಲ್ಲಿ ಬೇಯಿಸಿ ಒಣಗಿಸಿದ ತೆಳು ಹಾಳೆ ಅದು. ತೊಡದೇವು ಎರೆದು ಅಭ್ಯಾಸ ಇದ್ದವರಿಗೆ ಅದನ್ನು ಹರಿಯದೆ ಹಿಡಿಯುವುದು ಹೇಳಿಕೊಡಬೇಕಾಗಿಲ್ಲ. ನೀರಿನಲ್ಲಿ ಅದ್ದಿ, ಶ್ಯಾವಿಗೆ, ಸೌತೆ, ಒಂದೆಲಗ, ಶೇಂಗಾ ಇಟ್ಟು ಬಿಗಿಯಾಗಿ ಸುತ್ತಿ. ಡಬ್ಬಿಗೆ ಹಾಕುವಾಗ ಒಂದಕ್ಕೊಂದು ತಾಗದ ಹಾಗೆ ನಡುವೆ ಬಾಳೆಎಲೆಯ ಚೂರು ಇಡಿ, ಇಲ್ಲದಿದ್ದರೆ ಅಂಟಿಕೊಂಡು ತೆಗೆಯುವಾಗ ಹರಿಯುತ್ತವೆ.