ಕಣ್ಣು ಬಡಿತಕ್ಕೂ ಅದೇ ಸೂಜಿ, ಸುಕ್ಕಿಗೂ ಅದೇ ಸೂಜಿ

ಪ್ರಶ್ನೆ: ಡಾಕ್ಟರ್ರೇ, ನಮ್ಮವ್ವಗ 58 ವರ್ಷ. ವರ್ಷಾತು, ಎಡಗಣ್ಣು ಪಟಪಟ ಬಡ್ಕೋತದ. ಈಗ ಬಾಯಿ ತುದಿನೂ ಅದರ ಜೋಡಿ ಎಳೀತದ. ಬೊಟಾಕ್ಸ್ ಮಾಡಸ್ರಿ ಅಂದಾರ. ಅದು ಸುಕ್ಕು ತೆಗಸೋರ ಇಂಜೆಕ್ಷನ್ ಅಲ್ಲೇನ್ರಿ? ವಿಷ ಅಂತನೂ ಅಂತಾರ.
– ಜಮಖಂಡಿ

ಉತ್ತರ: ವಿಷ ಹೌದು, ಆದರೆ ಅಳೆದು ಕೊಡುವ ವಿಷ. ಕೆಟ್ಟ ಡಬ್ಬಿ ಆಹಾರದಲ್ಲಿ ಬೆಳೆಯುವ ಬೊಟುಲಿನಂ ಬ್ಯಾಕ್ಟೀರಿಯಾದಿಂದ ತೆಗೆದದ್ದು. ಇದು ಮೊದಲು ಬಂದದ್ದು ಕಣ್ಣಿನ ಔಷಧವಾಗಿ. ಅಮೆರಿಕದಲ್ಲಿ ಮೆಳ್ಳೆಗಣ್ಣು, ರೆಪ್ಪೆ ಸೆಳೆತಗಳಿಗೆ 1989ರಲ್ಲೇ ಒಪ್ಪಿಗೆ ಸಿಕ್ಕಿತು. ಹುಬ್ಬಿನ ನಡುವಿನ ಗೆರೆಗೆ ಸಿಕ್ಕಿದ್ದು 2002ರಲ್ಲಿ.

ತಾಯಿಯವರ ಲಕ್ಷಣ ನೋಡಿದರೆ ಅರ್ಧಮುಖದ ಸೆಳೆತದಂತಿದೆ. ಹೆಂಗಸರ ಎಡಗಣ್ಣು ಬಡಿದರೆ ಶುಭ ಎಂದು ಸುಮ್ಮನಿದ್ದು ತಡಮಾಡುವವರೇ ಹೆಚ್ಚು. ಮೆದುಳಿನ ಬುಡದಲ್ಲಿ ರಕ್ತನಾಳವೊಂದು ಮುಖದ ನರಕ್ಕೆ ಒತ್ತುವುದು ಸಾಮಾನ್ಯ ಕಾರಣ, ಹಾಗಾಗಿ ಒಮ್ಮೆ ಎಂಆರ್‌ಐ ಮಾಡಿಸಿ. ಇಂಜೆಕ್ಷನ್ ಆ ಒತ್ತಡವನ್ನು ತೆಗೆಯುವುದಿಲ್ಲ. ನರದ ತುದಿಯಿಂದ ಸ್ನಾಯುವಿಗೆ ಹೋಗುವ ಅಸಿಟೈಲ್‌ಕೋಲಿನ್ ಎಂಬ ಸಂದೇಶವನ್ನಷ್ಟೇ ತಡೆಯುತ್ತದೆ. ಮೂರು–ನಾಲ್ಕು ತಿಂಗಳಿಗೆ ಸೆಳೆತ ಮರಳುತ್ತದೆ, ಮತ್ತೆ ಹಾಕಿಸಬೇಕು. ಕಣ್ಣಿನ ಸುತ್ತ ಮೊದಲ ಸಲ ಒಂದೊಂದು ಜಾಗಕ್ಕೆ 1.25ರಿಂದ 2.5 ಯುನಿಟ್ (ಈ ಔಷಧದ ಬಲದ ಅಳತೆ) ಸಾಕು. ಮೇಲ್ರೆಪ್ಪೆಯ ನಡುಭಾಗಕ್ಕೆ ಚುಚ್ಚುವುದಿಲ್ಲ, ಅಲ್ಲಿ ರೆಪ್ಪೆ ಎತ್ತುವ ಸ್ನಾಯು ಇದೆ. ಹಾಕಿಸಿದ ಮೇಲೆ ಕಣ್ಣು ಪೂರ್ತಿ ಮುಚ್ಚದೆ ಒಣಗಿದರೆ ಕೃತಕ ಕಣ್ಣೀರಿನ ಹನಿ ಬೇಕಾಗುತ್ತದೆ. ನರರೋಗ ತಜ್ಞರು ಅಥವಾ ಕಣ್ಣಿನ ವೈದ್ಯರಲ್ಲೇ ಮಾಡಿಸಿ.

ಪ್ರಶ್ನೆ: ಮದುವೆಗೆ ಇಪ್ಪತ್ತು ದಿನ ಉಳಿದಿದೆ. ಹುಬ್ಬಿನ ನಡುವೆ ಎರಡು ಗೆರೆಗಳಿವೆ. ಪಾರ್ಲರ್‌ನಲ್ಲಿ 'ಒಂದು ಸಿರಿಂಜ್ ಬೊಟಾಕ್ಸ್' ಆಫರ್ ಇದೆ. ಹಾಕಿಸಲೇ?
– ಟಿಳಕವಾಡಿ, ಬೆಳಗಾವಿ

ಉತ್ತರ: ಈ ಸಲ ಬೇಡ. ಪರಿಣಾಮ ಎರಡು–ಮೂರು ದಿನಕ್ಕೆ ಶುರುವಾಗಿ ಪೂರ್ತಿ ಕಾಣಲು ಎರಡು ವಾರ ಹಿಡಿಯುತ್ತದೆ. ಏನಾದರೂ ಏರುಪೇರಾದರೆ ಸರಿಪಡಿಸಲು ದಿನ ಉಳಿಯುವುದಿಲ್ಲ.

'ಸಿರಿಂಜ್' ಎಂಬುದು ಅಳತೆಯೇ ಅಲ್ಲ. ಬಾಟಲಿಯಲ್ಲಿ 100 ಯುನಿಟ್ ಒಣ ಔಷಧವಿರುತ್ತದೆ. ಅದಕ್ಕೆ 2.5 ಮಿಲಿ ಸಲೈನ್ ಬೆರೆಸಿದರೆ 0.1 ಮಿಲಿಯಲ್ಲಿ 4 ಯುನಿಟ್ ಬರುತ್ತದೆ. ಹುಬ್ಬಿನ ನಡುವೆ ಐದು ಕಡೆ ನಾಲ್ಕು ನಾಲ್ಕರಂತೆ 20 ಯುನಿಟ್ ಹಾಕುವುದು ವಾಡಿಕೆ. ಸಲೈನ್ ಇಮ್ಮಡಿ ಸುರಿದರೆ ಸಿರಿಂಜ್ ತುಂಬುತ್ತದೆ, ಔಷಧ ಅರ್ಧವಾಗುತ್ತದೆ. ನೀರು ಹಾಕಿದ ಹಾಲಿನ ಲೆಕ್ಕವೇ! ಬ್ರ್ಯಾಂಡ್ ಬದಲಾದರೆ ಯುನಿಟ್ಟೂ ಬದಲು: ಇದೇ ಜಾಗಕ್ಕೆ ಡಿಸ್ಪೋರ್ಟ್ ಆದರೆ 50 ಯುನಿಟ್. ಹಾಗಾಗಿ ಬ್ರ್ಯಾಂಡ್, ಯುನಿಟ್, ಬ್ಯಾಚ್ ನಂಬರ್ ಮೂರೂ ಬಿಲ್ಲಿನಲ್ಲಿರಲಿ. ಬಾಟಲಿಯನ್ನು ನಿಮ್ಮೆದುರೇ ಒಡೆಯಲಿ. 2ರಿಂದ 8 ಡಿಗ್ರಿಯ ಫ್ರಿಜ್‌ನಲ್ಲಿರಬೇಕಾದ ಔಷಧ ನಮ್ಮ ಏಪ್ರಿಲ್ ಬಿಸಿಲಲ್ಲಿ ಬ್ಯಾಗಿನಲ್ಲಿ ಓಡಾಡಿ ಬಂದಿದ್ದರೆ ದುಡ್ಡು ದಂಡ.

ಸೂಜಿ ಹುಬ್ಬಿನ ಎಲುಬಿಗೆ ತೀರ ಹತ್ತಿರ ಬಿದ್ದರೆ ಔಷಧ ಒಳಗೆ ಹರಡಿ ರೆಪ್ಪೆ ಇಳಿಬೀಳುತ್ತದೆ. ಒಂದು ಸೆಂಟಿಮೀಟರಾದರೂ ಮೇಲಿರಬೇಕು. ಇಳಿಬಿದ್ದರೆ ಅಪ್ರಾಕ್ಲೋನಿಡಿನ್ ಎಂಬ ಕಣ್ಣಿನ ಹನಿಯಿಂದ ರೆಪ್ಪೆ ಒಂದೆರಡು ಮಿಲಿಮೀಟರ್ ಏಳಬಹುದು, ಉಳಿದಂತೆ ವಾರಗಟ್ಟಲೆ ಕಾಯಬೇಕು. ಮುಂದೆಂದಾದರೂ ಹಾಕಿಸಿದರೆ ಆ ದಿನ ಮುಖ ಉಜ್ಜಬೇಡಿ, ಫೇಶಿಯಲ್ಲೂ ಬೇಡ. ನಾಲ್ಕು ತಾಸು ಮಲಗಬಾರದೆಂಬ ರೂಢಿಯಿದೆ, ಅದಕ್ಕಿಂತ ಉಜ್ಜದಿರುವುದು ಮುಖ್ಯ.

ಪ್ರಶ್ನೆ: ಕಂಕುಳ ಬೆವರು ಶರ್ಟ್ ತೋಯಿಸ್ತದ. ಇದಕ್ಕೂ ಬೊಟಾಕ್ಸ್ ಅಂತಾರ, ಖರೇನ?
– ವಿಜಯಪುರ

ಉತ್ತರ: ಖರೆ. ಒಂದೊಂದು ಕಂಕುಳಿಗೆ 50 ಯುನಿಟ್, ಚರ್ಮದೊಳಗೆ ಹತ್ತು–ಹದಿನೈದು ಕಡೆ. ಅಯೋಡಿನ್ ಹಚ್ಚಿ ಸ್ಟಾರ್ಚ್ ಪುಡಿ ಉದುರಿಸಿದರೆ ಬೆವರುವ ಜಾಗ ಕಪ್ಪಾಗಿ ಗುರುತು ಸಿಗುತ್ತದೆ. ಸುಮಾರು ಆರು ತಿಂಗಳು ಬಾಳುತ್ತದೆ. ಮೊದಲು ಅಲ್ಯುಮಿನಿಯಂ ಕ್ಲೋರೈಡ್ ರೋಲ್‌ಆನ್ ನೋಡಿ, ಅಗ್ಗ.

ಪ್ರಶ್ನೆ: ಲಕ್ವಾ ಹೊಡೆದ ನಮ್ಮ ಕಾಕಾನ ಮುಷ್ಟಿ ಬಿಚ್ಚುವುದಿಲ್ಲ. ಬೊಟಾಕ್ಸ್‌ನಿಂದ ಕೈಗೆ ಶಕ್ತಿ ಬರುತ್ತದೆಯೇ?
– ಮುಧೋಳ

ಉತ್ತರ: ಶಕ್ತಿ ಬರುವುದಿಲ್ಲ, ಬಿಗಿತ ಸಡಿಲಾಗುತ್ತದೆ. ಉಗುರು ಕತ್ತರಿಸಲು, ಅಂಗೈ ತೊಳೆಯಲು, ಅಂಗಿ ತೊಡಿಸಲು ಸಲೀಸು. ಸಡಿಲಾದ ವಾರಗಳಲ್ಲಿ ಫಿಜಿಯೋಥೆರಪಿ ತಪ್ಪಿದರೆ ಖರ್ಚು ವ್ಯರ್ಥ. 12 ವಾರದೊಳಗೆ ಮತ್ತೆ ಹಾಕಿಸಬೇಡಿ. ಬೇಗ ಬೇಗ ಹಾಕಿಸಿದರೆ ದೇಹ ಪ್ರತಿಕಾಯ ಬೆಳೆಸಿಕೊಂಡು ಔಷಧ ನಾಟದೆ ಹೋಗಬಹುದು. ಸ್ನಾಯುಗಳು ಬೇಗ ಸೋಲುವ ಮಯಸ್ಥೇನಿಯಾ ಕಾಯಿಲೆ ಇದ್ದರೆ ಅಥವಾ ಜೆಂಟಾಮೈಸಿನ್‌ನಂಥ ಆ್ಯಂಟಿಬಯಾಟಿಕ್ ಇಂಜೆಕ್ಷನ್ ನಡೆದಿದ್ದರೆ ಮೊದಲೇ ಹೇಳಿ. ಹಾಕಿಸಿದ ಮೇಲೆ ನುಂಗಲು, ಉಸಿರಾಡಲು ತ್ರಾಸಾದರೆ, ದನಿ ಬದಲಾದರೆ, ವಾರಗಳ ನಂತರವಾದರೂ ಸರಿ, ಅವತ್ತೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.