ಲಂಡನ್–ನ್ಯೂಯಾರ್ಕ್ ಹೋಗೋಕೆ 3 ಗಂಟೆ, ಬರೋಕೆ 12 ಗಂಟೆ ಹೇಗೆ?

ಟಿಕೆಟ್‌ನಲ್ಲಿರುವ ಎರಡು ಸಮಯಗಳನ್ನು ನೇರವಾಗಿ ಕಳೆದಿರಬೇಕು, ಅಲ್ವಾ? ಅವು ಆಯಾ ಊರಿನ ಗಡಿಯಾರದ ಸಮಯ. ನ್ಯೂಯಾರ್ಕ್ ಲಂಡನ್ನಿಗಿಂತ 5 ಗಂಟೆ ಹಿಂದಿದೆ.

ಮೊದಲು ಎರಡನ್ನೂ ಲಂಡನ್ ಸಮಯಕ್ಕೆ ತನ್ನಿ. ಉದಾಹರಣೆಗೆ, ಲಂಡನ್ನಿನಿಂದ ಬೆಳಿಗ್ಗೆ 10ಕ್ಕೆ ಹೊರಟ ವಿಮಾನ ನ್ಯೂಯಾರ್ಕ್‌ನಲ್ಲಿ ಮಧ್ಯಾಹ್ನ 1ಕ್ಕೆ ಇಳಿಯುವಾಗ ಲಂಡನ್ನಿನಲ್ಲಿ ಸಂಜೆ 6. ಅಲ್ಲಿಗೆ 8 ಗಂಟೆ. ವಾಪಸ್ ಬರುವಾಗ ನ್ಯೂಯಾರ್ಕ್‌ನ ಸಂಜೆ 6 ಅಂದರೆ ಲಂಡನ್ನಿನಲ್ಲಿ ರಾತ್ರಿ 11. ಬೆಳಿಗ್ಗೆ 6ಕ್ಕೆ ಇಳಿದರೆ 7 ಗಂಟೆ. ಮಾರ್ಚ್‌ನಲ್ಲಿ ಎರಡು-ಮೂರು ವಾರ, ಅಕ್ಟೋಬರ್ ಕೊನೆಗೆ ಒಂದು ವಾರ ಮಾತ್ರ ಅಂತರ 4 ಗಂಟೆ. ನಿಮ್ಮ ತಾರೀಖು ಅದರಲ್ಲಿ ಬರುತ್ತದಾ ನೋಡಿಕೊಳ್ಳಿ.

ಉಳಿದ ಒಂದು ಗಂಟೆ ಗಾಳಿಯ ಲೆಕ್ಕ. ಸುಮಾರು 10 ಕಿ.ಮೀ. ಎತ್ತರದಲ್ಲಿ ಜೆಟ್ ಸ್ಟ್ರೀಮ್ ಎಂಬ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ, ಅಂದರೆ ನ್ಯೂಯಾರ್ಕ್‌ನಿಂದ ಲಂಡನ್ ಕಡೆಗೆ ಬೀಸುತ್ತದೆ, ಚಳಿಗಾಲದಲ್ಲಿ ಇನ್ನೂ ಜಾಸ್ತಿ. ವಾಪಸ್ ಬರುವಾಗ ಸೀಟಿನ ಮುಂದಿನ ಪರದೆ ನೋಡಿ, ವೇಗ ಎಷ್ಟೋ ಸಲ ಗಂಟೆಗೆ 1,000 ಕಿ.ಮೀ. ದಾಟಿರುತ್ತದೆ.

ಎರಡು ಊರುಗಳ ನಡುವಿನ 5,550 ಕಿ.ಮೀ.ಯನ್ನು ಸುಮ್ನೆ ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಭಾಗಿಸಿದರೆ 6 ಗಂಟೆ ಚಿಲ್ಲರೆ ಬರುತ್ತದೆ ನಿಜ. ಆದರೆ ರನ್‌ವೇಗೆ ಹೋಗೋದು, ಏರೋದು, ಇಳಿಯೋದು ಅದರಲ್ಲಿ ಇಲ್ಲ. ಮುಂದಿನ ವಿಮಾನ ಹಿಡಿಯಬೇಕಿದ್ದರೆ ಟಿಕೆಟ್‌ನ ಅವಧಿಯನ್ನೇ ನಂಬಿ. ಆ ದಿನದ ಗಾಳಿ ಹೇಗಿರುತ್ತದೋ ಗೊತ್ತಾಗಲ್ಲ, ಮಧ್ಯೆ ಎರಡು-ಮೂರು ಗಂಟೆ ಬಿಟ್ಟುಕೊಳ್ಳಿ.