ಸಮೀಕರಣಕ್ಕೆ ಮೊದಲು ಕಥೆ

ಸೋಮವಾರಪೇಟೆಯ ಭೌತವಿಜ್ಞಾನ ಉಪನ್ಯಾಸಕರೊಬ್ಬರ ಆಕ್ಷೇಪ ಇದು: "ಕಾಲ, ಸಮಾಂತರ ವಿಶ್ವಗಳ ವಿಚಾರವನ್ನು ಕಥೆಗಾರರೇ ಮೊದಲು ಕಂಡರೆಂದು ಪದೇ ಪದೇ ಬರೆಯುತ್ತೀರಿ. ಊಹೆಗೆ ಲೆಕ್ಕವೂ ಬೇಡ, ಪ್ರಯೋಗವೂ ಬೇಡ. ಅದನ್ನು ವಿಜ್ಞಾನದ ಪಕ್ಕ ಕೂರಿಸುವುದೇಕೆ?"

ಲೆಕ್ಕದ ಮಾತು ಒಪ್ಪಿದೆ, ಮೇಷ್ಟ್ರೇ. ಆದರೆ ಲೆಕ್ಕಕ್ಕೆ ಕೂರುವ ಮುನ್ನ "ಹೀಗೂ ಇರಬಹುದಲ್ಲ" ಎನ್ನುವ ಧೈರ್ಯ ಬೇಕು. ಅದನ್ನು ತಾವು ತೀರಾ ಅಗ್ಗ ಮಾಡಿದ್ದೀರಿ.

ಅರ್ಜೆಂಟೀನಾದ ಕಥೆಗಾರ ಬೋರ್ಹೆಸ್ 1941ರಲ್ಲಿ ಪ್ರಕಟಿಸಿದ 'ಕವಲೊಡೆವ ಹಾದಿಗಳ ತೋಟ' ಕಥೆಯೊಳಗೆ ಒಂದು ಚೀನೀ ಕಾದಂಬರಿಯಿದೆ. ಅದರ ಪಾತ್ರಗಳು ಒಂದು ದಾರಿ ಹಿಡಿದು ಉಳಿದವನ್ನು ಬಿಡುವುದಿಲ್ಲ. ಎಲ್ಲವೂ ನಡೆಯುತ್ತವೆ, ಒಂದೊಂದಕ್ಕೂ ಅದರದೇ ಕಾಲ. ಕಾಫಿಗೆ ಹೂಮಳೆ ಬಂದ ವರ್ಷ, ಕೈಕೊಟ್ಟ ವರ್ಷ ಎರಡೂ ಒಂದೇ ತೋಟದಲ್ಲಿ ಒಟ್ಟಿಗೆ ಸಾಗಿದಂತೆ. ಹಲವು ವಿಶ್ವಗಳ ಸಿದ್ಧಾಂತಕ್ಕೆ ಬುನಾದಿ ಹಾಕಿದ ಭೌತವಿಜ್ಞಾನಿ ಹ್ಯೂ ಎವರೆಟ್ ಪ್ರಬಂಧ ಬಂದದ್ದು 1957ರಲ್ಲಿ. ಕಣಗಳ ಸ್ಥಿತಿ ಹೇಗೆ ಬದಲಾಗುತ್ತದೆಂದು ಹೇಳುವ ಶ್ರೋಡಿಂಗರ್ ಸಮೀಕರಣ ಅಳತೆಯ ಹೊತ್ತಿನಲ್ಲೂ ಮುರಿಯುವುದಿಲ್ಲ ಎಂದಿಟ್ಟುಕೊಂಡರೆ, ಅಳೆಯುವವನೂ ಕಣದೊಂದಿಗೆ ಹೆಣೆದುಕೊಳ್ಳುತ್ತಾನೆ. ಫಲಿತಾಂಶಕ್ಕೊಂದು ಕವಲು, ಕವಲಿಗೊಬ್ಬ ನೋಡುಗ. ಭೌತವಿಜ್ಞಾನಿಗಳಾದ ಡಿವಿಟ್ ಮತ್ತು ಗ್ರಹಾಂ 1973ರಲ್ಲಿ ಈ ಸಿದ್ಧಾಂತದ ಲೇಖನಗಳನ್ನು ಪುಸ್ತಕವಾಗಿ ತಂದಾಗ ಬೋರ್ಹೆಸರ ಅದೇ ಕಥೆಯ ಸಾಲುಗಳನ್ನು ಉಲ್ಲೇಖಿಸಿದರು. ವಿಜ್ಞಾನಿಗಳೇ ಪಕ್ಕದಲ್ಲಿ ಕೂರಿಸಿಕೊಂಡರು, ಮೇಷ್ಟ್ರೇ! ಆ ಬೋರ್ಹೆಸರೋ, ತಮಗೆ ಗೊತ್ತಿರುವ ಭೌತವಿಜ್ಞಾನ ತಂದೆ ಹೇಳಿಕೊಟ್ಟ ವಾಯುಭಾರಮಾಪಕದ ಕೆಲಸ ಮಾತ್ರ ಎಂದು ಭೌತವಿಜ್ಞಾನಿ ಆಲ್ಬರ್ಟೊ ರೋಹೊ ಅವರಿಗೆ ಹೇಳಿದ್ದರು.

ಕಥೆ, ಸಿದ್ಧಾಂತ ಎರಡೂ ಒಂದೇ ಅಲ್ಲ. ಬೋರ್ಹೆಸರ ಕವಲುಗಳು ಮತ್ತೆ ಕೂಡಬಲ್ಲವು. ಎವರೆಟ್ ಕವಲುಗಳು ಹಾಗೆ ಕೂಡುವುದು ಅಸಾಧ್ಯವೆನ್ನುವಷ್ಟು ಕಷ್ಟ. ಅಳತೆಯ ಸುಳಿವು ಸುತ್ತಲಿನ ಗಾಳಿ, ಬೆಳಕಿಗೆಲ್ಲ ಹರಡಿಬಿಟ್ಟಿರುತ್ತದೆ, ಅದನ್ನು ಮತ್ತೆ ಬಾಚಿ ತರುವವರಿಲ್ಲ. ನಾವು ಮನಸ್ಸು ಬದಲಿಸಿದಾಗಲೆಲ್ಲ ವಿಶ್ವ ಎರಡಾಗುತ್ತದೆ ಎಂಬುದೂ ಎವರೆಟ್ ಹೇಳಿದ್ದಲ್ಲ. ಈ ವ್ಯತ್ಯಾಸವನ್ನು ಹುಡುಗರಿಗೆ ತೋರಿಸಲು ಆ ಕಥೆಗಿಂತ ಒಳ್ಳೆಯ ಪಠ್ಯ ಇನ್ನೊಂದಿಲ್ಲ.

ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1895ರಲ್ಲೇ ಕಾಲವನ್ನು ನಾಲ್ಕನೆಯ ಆಯಾಮವೆಂದು ಕಥೆಗಿಳಿಸಿದರು. ದೇಶ, ಕಾಲ ಎರಡನ್ನೂ ಒಂದಾಗಿ ಹೆಣೆದ ಗಣಿತಜ್ಞ ಮಿಂಕೋವ್‌ಸ್ಕಿಯ ದೇಶಕಾಲ 1908ರದು. ಅಷ್ಟು ದೂರವೇಕೆ, ಭಾಗವತದ ಕಕುದ್ಮಿ ಇದ್ದಾನಲ್ಲ. ಮಗಳು ರೇವತಿಗೆ ವರ ಕೇಳಲು ಬ್ರಹ್ಮಲೋಕಕ್ಕೆ ಹೋಗಿ, ಅಲ್ಲಿನ ಸಂಗೀತ ಮುಗಿಯಲೆಂದು ಕ್ಷಣಕಾಲ ಕಾದ; ಅಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗ ಕಳೆದಿತ್ತು. ಇದನ್ನೇ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತ ಎನ್ನುವವರ ಜೊತೆ ನಾನಿಲ್ಲ. ಅಲ್ಲಿ ಗಡಿಯಾರ ನಿಧಾನವಾಗುವುದು ವೇಗದಿಂದ, ಗುರುತ್ವದಿಂದ. ಈ ಕಥೆಯಲ್ಲಿ ವೇಗದ ಮಾತೇ ಇಲ್ಲ. ಆದರೆ ಎಲ್ಲರ ಕಾಲವೂ ಒಂದೇ ಎಂಬ ನಂಬಿಕೆಯನ್ನು ಅದು ಅಲುಗಿಸುತ್ತದೆ. ತರಗತಿಯಲ್ಲಿ ಮೊದಲು ಇದನ್ನು ಹೇಳಿ, ಆಮೇಲೆ ಲೆಕ್ಕ ಕೊಡಿ: ಬೆಳಕಿನ ವೇಗದ ಸುಮಾರು ಶೇ. 87ರಲ್ಲಿ ಸಾಗುವ ಗಡಿಯಾರದಲ್ಲಿ ಒಂದು ಗಂಟೆಯಾದರೆ ನಮ್ಮಲ್ಲಿ ಎರಡು. ಮಾದಾಪುರದ ತಿರುವನ್ನು ಮೊಬೈಲಿನಲ್ಲಿ ತೋರಿಸುವ ಜಿಪಿಎಸ್ ಉಪಗ್ರಹಗಳ ಗಡಿಯಾರ ವೇಗ, ಗುರುತ್ವ ಎರಡರ ಪರಿಣಾಮ ಸೇರಿ ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೊಸೆಕೆಂಡ್ ಮುಂದೆ ಓಡುತ್ತದೆ ಎಂಬುದನ್ನೂ ಸೇರಿಸಿ.

ಹತ್ತನೇ ತರಗತಿ ಮುಗಿದ ಕೂಡಲೇ ಮಕ್ಕಳನ್ನು ವಿಜ್ಞಾನ, ಕಲೆ ಎಂದು ಹೋಳು ಮಾಡುತ್ತೇವೆ. ವಿಜ್ಞಾನದ ಹುಡುಗಿಗೆ ಕಥೆಯೆಂದರೆ ಭಾಷಾ ಪತ್ರಿಕೆಯ ಅಂಕ; ಕಲೆಯ ಹುಡುಗನಿಗೆ ಎವರೆಟ್ ಹೆಸರೇ ತಲುಪುವುದಿಲ್ಲ. ನಮ್ಮ ವಿಮರ್ಶಕರೂ ವೈಜ್ಞಾನಿಕ ಕಥೆಯನ್ನು ಮಕ್ಕಳ ಕಪಾಟಿಗೆ ತಳ್ಳಿ ಕೈತೊಳೆದುಕೊಂಡಿದ್ದಾರೆ. ತಮ್ಮಂಥ ಓದುಗರೂ ಅದಕ್ಕೆ ತಲೆದೂಗಿದರೆ ಯಾರಿಗೆ ದೂರುವುದು?